ಬಳ್ಳಿಗೆ ಎರವಲು ಕಾಂಡ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆ ಹೊರಟರೆ ಗುಡ್ಡ ಹತ್ತುವ ಮುನ್ನ ಸಿಗುವ ಹೋಬಳಿ ಊರು ಲಿಂಗದಹಳ್ಳಿ. ನೈಋತ್ಯಕ್ಕೆ ಬಾಬಾಬುಡನ್ ಗಿರಿಶ್ರೇಣಿ ಎದ್ದು ನಿಂತಿದೆ. ಆ ಶ್ರೇಣಿಯ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ನೆಲ ತಗ್ಗುತ್ತಾ ಹೋಗಿ ಕಡೂರು, ಅಜ್ಜಂಪುರಗಳ ಬಯಲು ಸೇರುತ್ತದೆ. ಮಳೆಯೂ ಅದೇ ದಿಕ್ಕಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮಲೆನಾಡು, ಬಯಲುಸೀಮೆಗಳ ಅಂಚು ಇದು. ಹಾಗಾಗಿ ಇಲ್ಲಿನ ಹಿತ್ತಲಲ್ಲಿ ಹೀರೆ, ಪಡವಲ, ಸೋರೆ, ಚಪ್ಪರದವರೆಗಳ ಜೊತೆಗೆ ಸೀಮೆಬದನೆ, ಮಾಡಹಾಗಲ, ಪ್ಯಾಷನ್ ಫ್ರೂಟ್‌ಗಳೂ ಒಂದೇ ಬೇಲಿಯೊಳಗೆ ಬೆಳೆಯಬಲ್ಲವು. ತೋಟಕ್ಕೆ ಕಾಲಿಟ್ಟರೆ ಅಡಿಕೆ ಮರಕ್ಕೆ ಕಾಳುಮೆಣಸೋ ವೀಳ್ಯದೆಲೆಯೋ ಹಬ್ಬಿರುತ್ತದೆ. ಬಳ್ಳಿಗಳು ಹೇಗೆ ಹತ್ತುತ್ತವೆ ಎಂಬುದನ್ನು ನೋಡಿ ಕಲಿಯಲು ಇಂಥ ಜಾಗವೇ ಬೇಕು.

ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ಅದೇ ಮನೆಯ ಹಿತ್ತಲಲ್ಲಿ ಊರಿದ ಹೀರೆ ಬೀಜ ಎರಡು ತಿಂಗಳ ಆಸುಪಾಸಿಗೆ ಸಾರಿಗೆ ಕಾಯಿ ಕೊಡುತ್ತದೆ. ಇಷ್ಟು ಅಂತರ ಯಾಕೆ? ಮರ ತಾನು ಗಳಿಸಿದ ಸಕ್ಕರೆಯ ದೊಡ್ಡ ಪಾಲನ್ನು ನಿಲ್ಲುವುದಕ್ಕೇ ಖರ್ಚು ಮಾಡುತ್ತದೆ. ಕಾಂಡಕ್ಕೆ ನಾರು ತುಂಬಬೇಕು, ಗಾಳಿಗೆ ಮುರಿಯದಂತೆ ಗಟ್ಟಿಯಾಗಬೇಕು, ಆಮೇಲೆ ಹೂ-ಕಾಯಿಯ ಮಾತು. ಬಳ್ಳಿ ಈ ಖರ್ಚನ್ನೇ ಕೈಬಿಟ್ಟಿದೆ. ಬೇರೆ ಯಾರದೋ ಕಾಂಡ ಹಿಡಿದು ಬೆಳಕಿಗೆ ಏರಿ, ಉಳಿಸಿದ ಸಕ್ಕರೆಯನ್ನೆಲ್ಲ ಎಲೆಗೆ, ಹೂವಿಗೆ, ಕಾಯಿಗೆ ಸುರಿಯುತ್ತದೆ. ಕಾಡಿನಲ್ಲಿ ಆ ಕಾಂಡವನ್ನು ಎರವಲು ಕೊಡುವುದು ಮರ, ಹಿತ್ತಲಲ್ಲಿ ನಾವು. ನಾವು ಕೊಡುವ ಆ ಎರವಲು ಕಾಂಡವೇ ಚಪ್ಪರ.

ಬಳ್ಳಿಯ ಸ್ವಂತ ಕಾಂಡದ ಕೆಲಸ ನೀರು ಸಾಗಿಸುವುದು. ಕಾಯಿ ಬಿಟ್ಟು ಮುಗಿದ ಹೀರೆ ಅಥವಾ ಕುಂಬಳದ ಬುಡವನ್ನು ಹರಿತವಾದ ಚಾಕುವಿನಿಂದ ಅಡ್ಡಲಾಗಿ ಕೊಯ್ದು ಬಿಸಿಲಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಷ್ಟು ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ಅವೇ ನೀರು ಏರುವ ಕೊಳವೆಗಳು. ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂಬುದು 19ನೇ ಶತಮಾನದಲ್ಲಿ ಹಾಗೆನ್ ಮತ್ತು ಪ್ವಾಸಯ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ನಿಯಮ. ಕೊಳವೆಯ ಅಗಲ ಎರಡು ಪಟ್ಟಾದರೆ ನೀರು ಹದಿನಾರು ಪಟ್ಟು. ಹಾಗಾಗಿಯೇ ಬೆರಳಿನಷ್ಟು ದಪ್ಪದ ಕಾಂಡ ಒಂದು ಚಪ್ಪರದ ತುಂಬ ಇರುವ ಎಲೆಗಳಿಗೆ ನೀರುಣಿಸುತ್ತದೆ. ಇದರ ಇನ್ನೊಂದು ಮುಖವೂ ಇದೆ: ಅಷ್ಟೂ ಎಲೆ ಒಂದೇ ಎಳೆಯನ್ನು ನಂಬಿಕೊಂಡಿರುತ್ತವೆ. ಬುಡಕ್ಕೆ ಹಗ್ಗ ಬಿಗಿದು ಕಟ್ಟಿದರೆ, ಗುದ್ದಲಿ ತಾಗಿದರೆ, ಗಾಳಿಗೆ ಬುಡ ಅಲ್ಲಾಡಿ ನುಲಿದರೆ ಮೇಲಿನ ಚಪ್ಪರವೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಾಡುತ್ತದೆ. ಆದ್ದರಿಂದ ಬಳ್ಳಿ ನೆಲದಿಂದ ಚಪ್ಪರ ಮುಟ್ಟುವವರೆಗಿನ ಆರೇಳು ಅಡಿ ದೂರವನ್ನು ಅತಿ ಜೋಪಾನವಾಗಿ ನೋಡಿಕೊಳ್ಳಬೇಕು. ಕಟ್ಟುವುದಾದರೆ ಬಾಳೆನಾರಿನಲ್ಲಿ, ಎಂಟರ ಆಕಾರಕ್ಕೆ, ಸಡಿಲವಾಗಿ.

ಇನ್ನು ಚಪ್ಪರ. ಅದಕ್ಕೆ ಎರಡು ಕೆಲಸ: ಭಾರ ಹೊರುವುದು, ಹಿಡಿತ ಕೊಡುವುದು. ಭಾರ ಹೊರಲು ದಪ್ಪ ಬೇಕು, ಹಿಡಿತಕ್ಕೆ ಸಣ್ಣದು ಬೇಕು. ಹೆಚ್ಚಿನ ಚಪ್ಪರಗಳು ಸೋಲುವುದು ಈ ಎರಡನ್ನೂ ಒಂದೇ ಸಾಮಾನಿನಿಂದ ಮಾಡಿಸಹೊರಟಾಗ. ದಪ್ಪ ಬಿದಿರಿನ ಗಳಗಳನ್ನಷ್ಟೇ ಹಾಸಿದರೆ ಬಳ್ಳಿ ಹಿಡಿಯಲಾರದೆ ಜಾರುತ್ತದೆ. ಬರೀ ಬಲೆ ಕಟ್ಟಿದರೆ ಕಾಯಿ ತುಂಬಿದ ದಿನ ಅದು ಜೋತು ಬೀಳುತ್ತದೆ.

ಹಿಡಿತದ ಮಾತು ಮೊದಲು. ಎಲ್ಲ ಬಳ್ಳಿಗಳೂ ಒಂದೇ ರೀತಿ ಹತ್ತುವುದಿಲ್ಲ. ಕಾಳುಮೆಣಸು ಮತ್ತು ವೀಳ್ಯದೆಲೆ ಗೆಣ್ಣಿನಲ್ಲಿ ಬೇರು ಬಿಟ್ಟು ತೊಗಟೆಗೆ ಅಂಟಿಕೊಳ್ಳುತ್ತವೆ. ಅವಕ್ಕೆ ಅಡಿಕೆ, ಹಾಲವಾಣ, ಅಗಸೆ, ನುಗ್ಗೆಯಂಥ ಜೀವಂತ ಕಂಬ ಸರಿ. ತಂತಿಯ ಚಪ್ಪರ ಅವಕ್ಕೆ ಯಾವ ಉಪಕಾರವನ್ನೂ ಮಾಡದು. ಚಪ್ಪರದವರೆ ತನ್ನ ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಏರುತ್ತದೆ. ಅದರ ಕುಡಿಯನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿರುತ್ತದೆ. ಜಗತ್ತಿನ ಬೇರೆ ಬೇರೆ ಕಾಡುಗಳಲ್ಲಿ ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸುತ್ತುಬಳ್ಳಿಗಳಲ್ಲಿ ಶೇಕಡಾ 92ರಷ್ಟು ಇದೇ ದಿಕ್ಕಿಗೆ ಸುತ್ತುತ್ತವೆ ಎಂದು ತೋರಿಸಿತು. ಉತ್ತರಾರ್ಧಗೋಳವೋ ದಕ್ಷಿಣಾರ್ಧಗೋಳವೋ, ಯಾವ ವ್ಯತ್ಯಾಸವೂ ಇರಲಿಲ್ಲ. ಅವರೆ ಕುಡಿ ಕೆಳಗೆ ಬಿದ್ದಿದೆಯೆಂದು ಎತ್ತಿ ಹುರಿಗೆ ಸುತ್ತುವವರು ಈ ದಿಕ್ಕನ್ನು ಗಮನಿಸಲೇಬೇಕು. ವಿರುದ್ಧ ದಿಕ್ಕಿಗೆ ಸುತ್ತಿದರೆ ಮರುದಿನ ಬೆಳಗ್ಗೆ ಅದು ಬಿಚ್ಚಿಕೊಂಡಿರುತ್ತದೆ.

ಹೀರೆ, ಹಾಗಲ, ಪಡವಲ, ಸೋರೆ, ತೊಂಡೆ, ಸೀಮೆಬದನೆ, ಪ್ಯಾಷನ್ ಫ್ರೂಟ್, ದ್ರಾಕ್ಷಿ ಇವೆಲ್ಲ ಮೂರನೆಯ ಗುಂಪು. ಇವಕ್ಕೆ ಹಿಡಿಯಲೆಂದೇ ಬೆಳೆದ ಅಂಗವಿದೆ. ಪಠ್ಯಪುಸ್ತಕ ಅದನ್ನು ಲತಾತಂತು ಎನ್ನುತ್ತದೆ. ಇಲ್ಲಿ ತಂತು ಎಂದರೆ ಸಾಕು. ಇದರ ಮೇಲೆ ಮನಸ್ಸಿಟ್ಟು ದುಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖ. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ 1858ರಲ್ಲಿ ಸೌತೆ ಕುಲದ ಬಳ್ಳಿಯೊಂದರ ತಂತು ಮುಟ್ಟಿದೊಡನೆ ಸುರುಳಿಯಾಗುವುದನ್ನು ಬರೆದಿದ್ದ. ಅದನ್ನು ಓದಿ ಕುತೂಹಲಗೊಂಡ ಡಾರ್ವಿನ್‌ಗೆ ಬೀಜವನ್ನೂ ಕಳಿಸಿಕೊಟ್ಟ. ಕಾಯಿಲೆಯಿಂದ ಕೋಣೆಯಲ್ಲೇ ಉಳಿಯಬೇಕಾಗಿ ಬಂದ ದಿನಗಳಲ್ಲಿ ಡಾರ್ವಿನ್ ಬಳ್ಳಿಯ ಕುಂಡವನ್ನು ಪಕ್ಕದಲ್ಲೇ ಇಟ್ಟುಕೊಂಡು ಅದರ ಕುಡಿ ಗಾಳಿಯಲ್ಲಿ ಸುತ್ತುವುದನ್ನು ಗಂಟೆಗಟ್ಟಲೆ ನೋಡಿದ. ಹಾಪ್ ಎಂಬ ಸುತ್ತುಬಳ್ಳಿ ಬಿಸಿಲ ದಿನಗಳಲ್ಲಿ ಸರಾಸರಿ 2 ಗಂಟೆ 8 ನಿಮಿಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತಿತ್ತು. ತಂತುಬಳ್ಳಿಗಳೂ ಹಾಗೇ ಸುತ್ತುತ್ತವೆ, ತಂತುವನ್ನು ಮುಂದೆ ಚಾಚಿಕೊಂಡು, ಏನಾದರೂ ಸಿಕ್ಕೀತೇ ಎಂದು ತಡಕುತ್ತಾ. ಇದೆಲ್ಲ 1865ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಪ್ರಬಂಧವಾಗಿ ಬಂತು, 1875ರಲ್ಲಿ ಪುಸ್ತಕವಾಯಿತು.

ಆ ಬರಹದಲ್ಲಿ ಹಿತ್ತಲಿಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತುಗಳಿವೆ. ಎಳೆಯ ತಂತುವಿನ ತುದಿಯನ್ನು ಕಡ್ಡಿಯಿಂದ ಮೆಲ್ಲಗೆ ಸವರಿದರೆ ಅದು ಬಾಗತೊಡಗುತ್ತದೆ. ಪ್ಯಾಷನ್ ಹೂವಿನ ಒಂದು ಜಾತಿಯಲ್ಲಿ ಅರ್ಧ ನಿಮಿಷದ ಹೊತ್ತಿಗೇ ಬಾಗು ಕಣ್ಣಿಗೆ ಬೀಳುತ್ತದೆ. ಮಳೆಹನಿ ಬಿದ್ದರೆ ಮಾತ್ರ ಬಾಗುವುದಿಲ್ಲ. ಆಮೇಲೆ ಬಂದ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಇದರ ಕಾರಣ ಹುಡುಕಿದ: ತಂತು ಸ್ಪಂದಿಸುವುದು ಒರಟು ಮೈಯ ಉಜ್ಜಾಟಕ್ಕೆ. ನುಣುಪಾದ ಜೆಲಟಿನ್ ಬಳಿದ ಕಡ್ಡಿಯಿಂದ ಎಷ್ಟು ಮುಟ್ಟಿದರೂ ಅದು ಸುಮ್ಮನಿರುತ್ತದೆ. ನುಣುಪಾದ ಹೊಸ ತಂತಿಗಿಂತ, ಪ್ಲಾಸ್ಟಿಕ್ ದಾರಕ್ಕಿಂತ ತೆಂಗಿನ ನಾರಿನ ಹುರಿಯನ್ನು ಹೀರೆ ಬೇಗ ಹಿಡಿಯಲು ಇದೂ ಒಂದು ಕಾರಣ. ಕಡೂರು-ತರೀಕೆರೆಯಂಥ ತೆಂಗಿನ ಸೀಮೆಯಲ್ಲಿ ಹುರಿಗೆ ಬರವಿಲ್ಲ.

ಹಿಡಿತದ ಗಟ್ಟಿತನಕ್ಕೆ ಇನ್ನೊಂದು ಲೆಕ್ಕವಿದೆ. ಮೊಂಡು ಹೋರಿಯನ್ನು ಹಿಡಿದವರು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಅಜ್ಜಂಪುರದ ಅಮೃತ್‌ಮಹಲ್ ಹೋರಿಯಂಥದ್ದನ್ನೂ ಆಗ ಒಬ್ಬನೇ ತಡೆಯಬಲ್ಲ. ಪ್ರತಿ ಸುತ್ತೂ ಹಿಡಿತವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 280 ಪಟ್ಟಿಗೂ ಮಿಕ್ಕಿ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಬಿಡಿಸಿದ ಲೆಕ್ಕ ಇದು. ಇದರಲ್ಲಿ ಕಂಬದ ದಪ್ಪ ಎಲ್ಲಿಯೂ ಬರುವುದಿಲ್ಲ, ಸುತ್ತಿನ ಸಂಖ್ಯೆಯಷ್ಟೇ ಮುಖ್ಯ. ಈಗ ಹೀರೆಯ ತಂತುವಿಗೆ ಬನ್ನಿ. ಸುತ್ತುವುದಕ್ಕೆ ಅದರ 10 ಸೆಂ.ಮೀ. ಉದ್ದ ಸಿಕ್ಕಿತೆನ್ನೋಣ. 6 ಮಿ.ಮೀ. ದಪ್ಪದ ಹುರಿಯ ಸುತ್ತಳತೆ ಎರಡು ಸೆಂ.ಮೀ.ಗೂ ಕಡಿಮೆ, ಅಲ್ಲಿ ಐದು ಸುತ್ತು ಬರುತ್ತದೆ. 8 ಸೆಂ.ಮೀ. ದಪ್ಪದ ಬಿದಿರಿನ ಸುತ್ತಳತೆ 25 ಸೆಂ.ಮೀ.; ಅಲ್ಲಿ ಅರ್ಧ ಸುತ್ತೂ ಪೂರಾ ಆಗದು. ಬಿದಿರು ಎಷ್ಟೇ ಗಟ್ಟಿಯಿರಲಿ, ಬಳ್ಳಿಯ ಪಾಲಿಗೆ ಅದು ಕೈಗೆ ಸಿಗದ ಗೋಡೆ. ಆದ್ದರಿಂದ ಚಪ್ಪರದ ಮೇಲ್ಪದರ ಹುರಿಯದೋ ಸಣ್ಣ ಕಡ್ಡಿಯದೋ ಆಗಿರಬೇಕು.

ತಂತು ಹಿಡಿದಲ್ಲಿಗೆ ಮುಗಿಯಲಿಲ್ಲ. ಮುಂದಿನ ಒಂದೆರಡು ದಿನ ಅದರ ನಡುಭಾಗ ಸುರುಳಿಯಾಗುತ್ತಾ ಬಳ್ಳಿಯನ್ನು ಆಸರೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಎರಡೂ ತುದಿ ಕಟ್ಟಿಕೊಂಡಿರುವಾಗ ಒಂದೇ ಕಡೆಗೆ ಸುರುಳಿಯಾದರೆ ನುಲಿ ಕೂಡುತ್ತಾ ಹೋಗಿ ತಂತುವೇ ಕಿತ್ತುಹೋಗಬೇಕು. ಹಾಗಾಗುವುದಿಲ್ಲ, ಏಕೆಂದರೆ ಅರ್ಧ ಸುರುಳಿ ಬಲಕ್ಕೂ ಅರ್ಧ ಎಡಕ್ಕೂ ತಿರುಗಿರುತ್ತದೆ, ನಡುವೆ ದಿಕ್ಕು ಬದಲಾಗುವ ಒಂದು ನೇರ ತುಣುಕು ಇರುತ್ತದೆ. ಯಾವುದೇ ಹೀರೆ ಅಥವಾ ಸೋರೆ ಚಪ್ಪರದ ಕೆಳಗೆ ನಿಂತು ಬಲಿತ ತಂತು ಹುಡುಕಿ, ಆ ತಿರುವಿನ ಜಾಗ ಸಿಕ್ಕೇ ಸಿಗುತ್ತದೆ. ಇದರ ಒಳಯಂತ್ರ ಬಿಡಿಸಿದ್ದು ತೀರಾ ಇತ್ತೀಚೆಗೆ. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಸಂಗಡಿಗರು ಸೌತೆಯ ತಂತುವಿನೊಳಗೆ ನಾರಿನ ಕೋಶಗಳ ಒಂದು ಪಟ್ಟಿ ಇರುವುದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಪಟ್ಟಿಯ ಒಂದು ಪದರ ಇನ್ನೊಂದಕ್ಕಿಂತ ಹೆಚ್ಚು ಕುಗ್ಗುವುದರಿಂದ ತಂತು ಸುರುಳಿಯಾಗುತ್ತದೆ. ಅದಕ್ಕಿಂತ ಚೆಂದದ ಸಂಗತಿ, ಬಲಿತ ತಂತುವನ್ನು ಎಳೆದರೆ ಅದು ಬಿಚ್ಚಿಕೊಳ್ಳುವ ಬದಲು ಮೊದಲು ಇನ್ನೂ ಹೆಚ್ಚು ಸುತ್ತಿಕೊಳ್ಳುತ್ತದೆ. ಮೆಲ್ಲಗೆ ಎಳೆದರೆ ಮೆದು, ಜೋರಾಗಿ ಎಳೆದರೆ ಬಿಗಿ. ಆಷಾಢದ ಗಾಳಿಯಲ್ಲಿ ಚಪ್ಪರ ಇಡೀ ದಿನ ತುಯ್ದಾಡಿದರೂ ಬಳ್ಳಿ ಹರಿಯದೆ ಉಳಿಯುವುದು ಈ ಸ್ಪ್ರಿಂಗುಗಳಿಂದ. ಚಪ್ಪರ ಸ್ವಲ್ಪ ಅಲುಗಿದರೆ ಬಳ್ಳಿಗೆ ತೊಂದರೆಯಿಲ್ಲ. ಕಂಬ ವಾಲಬಾರದು, ಅಷ್ಟೇ.

ಕಂಬ ಯಾಕೆ ವಾಲುತ್ತದೆ? ಭಾರಕ್ಕೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಲೆಕ್ಕ ಮಾಡಿ ನೋಡೋಣ. 3 ಮೀಟರ್ ಉದ್ದ, 3 ಮೀಟರ್ ಅಗಲದ, ಅಂದರೆ ಹತ್ತಡಿ ಚೌಕದ ಚಪ್ಪರ. ಮಳೆಗೆ ನೆಂದ ಎಲೆ, ಬಳ್ಳಿ, ಕಾಯಿ ಸೇರಿ ಚದರ ಮೀಟರಿಗೆ 10 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 90 ಕಿಲೋ. ನಾಲ್ಕು ಕಂಬಕ್ಕೆ ಹಂಚಿದರೆ ತಲಾ ಇಪ್ಪತ್ತೆರಡೂವರೆ ಕಿಲೋ, ಏನೇನೂ ಅಲ್ಲ. ಈಗ ಆ ಭಾರವನ್ನು ಅಡಿಗೊಂದರಂತೆ ಎಳೆದ ಹತ್ತು ತಂತಿಗಳ ಮೇಲೆ ಹೊರಿಸಿ. ಒಂದು ತಂತಿಗೆ ಮೀಟರಿಗೆ 3 ಕಿಲೋ ಬಿತ್ತು. ಭಾರ ಹೊತ್ತ ತಂತಿ ನಡುವೆ 10 ಸೆಂ.ಮೀ. ಜೋತಿದ್ದರೆ ಅದರ ಎಳೆತ ಸುಮಾರು 34 ಕಿಲೋ. ಜೋಲು 5 ಸೆಂ.ಮೀ. ಆದರೆ 68. ಎರಡೂವರೆ ಸೆಂ.ಮೀ.ಗೆ ತಂದರೆ 135. ಜೋಲು ಅರ್ಧವಾದಾಗಲೆಲ್ಲ ಎಳೆತ ಎರಡರಷ್ಟು. ಹತ್ತೂ ತಂತಿಗಳನ್ನು ವೀಣೆಯ ತಂತಿಯ ಹದಕ್ಕೆ ಬಿಗಿದವರ ಚಪ್ಪರದಲ್ಲಿ ಎರಡು ಕಂಬಗಳು ಸೇರಿ 1,350 ಕಿಲೋ ಅಡ್ಡ ಎಳೆತ ತಾಳಬೇಕು. ಮೇಲಿರುವುದು ಬರೀ 90 ಕಿಲೋ! ಕಂಬ ಕೀಳುವುದು ನಮ್ಮದೇ ಬಿಗಿತ. ಆದ್ದರಿಂದ ತಂತಿಗೆ ಅಂಗೈಯಗಲ ಜೋಲು ಬಿಡಿ, ಮೂಲೆಕಂಬಗಳನ್ನು ಸ್ವಲ್ಪ ಹೊರಕ್ಕೆ ವಾಲಿಸಿ ನೆಡಿ, ಕಂಬದ ತಲೆಯಿಂದ ನೆಲಕ್ಕೆ ಓರೆಯಾಗಿ ಎಳೆತಂತಿ ಕಟ್ಟಿ ಅದರ ತುದಿಗೆ ಒಂದು ಕಲ್ಲು ಬಿಗಿದು ಹೂಳಿ. ವಿದ್ಯುತ್ ಸಾಲು ತಿರುಗುವ ಕಡೆಯ ಕಂಬಗಳಿಗೆ ಮಾಡುವುದೂ ಇದನ್ನೇ.

ಮಲೆನಾಡಿನ ಹಳೆಯ ರೀತಿಯ ಚಪ್ಪರದಲ್ಲಿ ಈ ತೊಡಕೇ ಇರಲಿಲ್ಲ. ಕವೆ ಇರುವ ಕಂಬ, ಅದರ ಮೇಲೆ ಬಿದಿರಿನ ಗಳ, ಗಳಗಳ ಮೇಲೆ ಅಡಿಕೆ ದಬ್ಬೆ. ಗಳವೂ ದಬ್ಬೆಯೂ ಬಾಗಿ ಭಾರ ಹೊರುತ್ತವೆ, ಕಂಬವನ್ನು ಅಡ್ಡಕ್ಕೆ ಎಳೆಯುವುದಿಲ್ಲ. ಮನೆಮಟ್ಟಿಗೆ ನನ್ನ ಆಯ್ಕೆಯೂ ಅದೇ: ಚೌಕಟ್ಟು ಗಳ-ದಬ್ಬೆಗಳದ್ದು, ಹಿಡಿತದ ಪದರ ಹುರಿಯದು, ತಂತಿ ಬೇಕೆನಿಸಿದರೆ ಒಂದೆರಡು ಎಳೆ. ಅಡಿಕೆ ದಬ್ಬೆಯ ಬಲ ಅದರ ಹೊರಮೈಯಲ್ಲಿದೆ. ಅಡಿಕೆ ತಾಳೆಯ ಜಾತಿ. ಸಾಗುವಾನಿಯಂತೆ ನಡುವೆ ಚೇಗು ಕಟ್ಟುವುದಿಲ್ಲ. ನಾರಿನ ಕಟ್ಟುಗಳು ಹೊರಸುತ್ತಿನಲ್ಲಿ ದಟ್ಟವಾಗಿ, ಒಳಗೆ ವಿರಳವಾಗಿ ಇರುತ್ತವೆ. ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಹೊರಮೈ ಮೇಲೆಯೇ ಆದ್ದರಿಂದ ನಾರು ಇರಬೇಕಾದ ಜಾಗದಲ್ಲೇ ಇದೆ. ಮರವನ್ನು ಸೀಳಿ, ಒಳಗಿನ ಮೆದು ತಿರುಳನ್ನು ಹೆರೆದು ತೆಗೆದು ಒಣಗಿಸುವುದು ಇದಕ್ಕಾಗಿ. ತಿರುಳು ನೀರು ಹೀರಿ ಮೊದಲು ಕೊಳೆಯುತ್ತದೆ. ದಬ್ಬೆಯನ್ನು ನೆಲಕ್ಕೆ ಹೂಳಬೇಡಿ. ಗಾಳಿ, ತೇವ ಎರಡೂ ಸೇರುವ ಮಣ್ಣಿನ ಮಟ್ಟದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಗೆದ್ದಲಿಗೂ ಅದೇ ಬಾಗಿಲು. ನೆಲದೊಳಗೆ ಕಲ್ಲುಕಂಬ ಇರಲಿ, ಇಲ್ಲವೇ ಗ್ಲಿರಿಸಿಡಿಯಾ ಗೂಟ ಚಿಗುರಿಸಿ ಜೀವಂತ ಕಂಬ ಮಾಡಿಕೊಳ್ಳಿ. ಎಂಟೂವರೆ ಅಡಿ ಕಂಬಕ್ಕೆ ಎರಡಡಿ ಗುಣಿ ತೆಗೆದು ಕಲ್ಲುಚೂರು ಹಾಕಿ ಗಿಡಿದರೆ ಲಿಂಗದಹಳ್ಳಿಯ ಕೆಂಪು ಮಣ್ಣಿನಲ್ಲಿ ಸಾಕು. ಎರೆ ಭೂಮಿಯಲ್ಲಿ ಸಾಲದು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಆ ಏರಿಳಿತ ಪ್ರತಿವರ್ಷ ಕಂಬವನ್ನು ಒಂದಿಷ್ಟು ಸಡಿಲಿಸುತ್ತದೆ. ಅಲ್ಲಿ ಗುಣಿ ಇನ್ನೂ ಆಳ ಬೇಕು.

ಬಿದಿರಿನ ಬಗ್ಗೆ ಒಂದು ಮಾತು. ಗಳದೊಳಗಿನ ಪಿಷ್ಟಕ್ಕೆ ಬರುವ ಕೊರೆಯುವ ಹುಳ ಅದನ್ನು ಹಿಟ್ಟು ಮಾಡಿಬಿಡುತ್ತದೆ. ಹೊಸ ಕಳಲೆ ಬೆಳೆಸಲು ಬಿದಿರು ಪಿಷ್ಟವನ್ನು ಕೂಡಿಡುವುದು ಮಳೆಗಾಲಕ್ಕೆ ಮುಂಚೆ. ಕಳಲೆ ಎದ್ದ ಮೇಲೆ ಆ ದಾಸ್ತಾನು ಕರಗುತ್ತದೆ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಕಡಿದ, ಮೂರು ವರ್ಷ ದಾಟಿದ ಗಳ ಬಾಳಿಕೆ ಬರುತ್ತದೆ. ಕಡಿದದ್ದನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಡುವ ಪದ್ಧತಿಯೂ ಪಿಷ್ಟ, ಸಕ್ಕರೆಯನ್ನು ನೀರಿಗೆ ಬಿಡಿಸುವ ಉಪಾಯವೇ.

ಚಪ್ಪರ ಯಾವ ದಿಕ್ಕಿಗಿರಬೇಕು? ಯುರೋಪಿನ ತೋಟಗಾರಿಕೆ ಪುಸ್ತಕಗಳು ಬಳ್ಳಿಯನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಹಬ್ಬಿಸಿ ಎನ್ನುತ್ತವೆ. ಅಲ್ಲಿ ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ಲಿಂಗದಹಳ್ಳಿ ಇರುವುದು ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಈ ಎರಡು ದಿನಗಳ ನಡುವೆ, ಅಂದರೆ ಮುಂಗಾರಿನ ಬಳ್ಳಿ ಬೆಳೆಯುವ ಹೆಚ್ಚಿನ ಕಾಲ, ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಡಿಸೆಂಬರಿನಲ್ಲಿ ಅದು ನೆತ್ತಿಯಿಂದ 37 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತದೆ. ಹೀಗಾಗಿ ನಮ್ಮಲ್ಲಿ ಮಲಗಿಸಿದ ಚಪ್ಪರವೇ ವರ್ಷವಿಡೀ ಬಿಸಿಲು ಹಿಡಿಯುತ್ತದೆ. ಜಾಗ ಸಾಲದೆ ಬೇಲಿಯಂತೆ ನೆಟ್ಟಗೆ ನಿಲ್ಲಿಸುವುದಾದರೆ ಸಾಲು ಉತ್ತರ-ದಕ್ಷಿಣವಾಗಿರಲಿ. ಬೆಳಗಿನ ಬಿಸಿಲು ಒಂದು ಮಗ್ಗುಲಿಗೆ, ಸಂಜೆಯದು ಇನ್ನೊಂದಕ್ಕೆ ಸಿಗುತ್ತದೆ. ಒಂದು ಎಚ್ಚರ: ನೆಟ್ಟಗಿನ ಬೇಲಿ ಗಾಳಿಗೆ ಎದೆಯೊಡ್ಡುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಎಲೆ ತುಂಬಿದ ಬೇಲಿಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 6 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಪಡುವಣ ಗಾಳಿ ಬೀಸುವ ಗುಡ್ಡದಡಿಯ ಊರಲ್ಲಿ ನಾನು ಮಲಗಿದ ಚಪ್ಪರದ ಪರ.

ಎತ್ತರ ಆರೂವರೆ ಅಡಿ ಇರಲಿ. ಮನೆಯವರು ಕೆಳಗೆ ನಿಂತು ಕೈಯೆತ್ತಿದರೆ ಕಾಯಿ ಸಿಗಬೇಕು, ತಲೆಗೆ ತಾಗಬಾರದು. ಹುರಿಯ ಕಣ್ಣು ಗೇಣಗಲ. ಇದಕ್ಕಿಂತ ಕಿರಿದಾದರೆ ಹೀಚು ಮೇಲೆಯೇ ಸಿಕ್ಕಿಕೊಂಡು ಬಲಿತಾಗ ಸೊಟ್ಟಗಾಗುತ್ತದೆ, ಅಗಲವಾದರೆ ತಂತು ಒಂದು ಹುರಿಯಿಂದ ಮುಂದಿನದಕ್ಕೆ ಎಟುಕುವುದಿಲ್ಲ. ಮೊದಲ ಹದಿನೈದು ದಿನ ದಿನಕ್ಕೊಮ್ಮೆ ಕೆಳಗೆ ಓಡಾಡಿ ಸಿಕ್ಕಿಕೊಂಡ ಹೀಚನ್ನು ಕಣ್ಣಿನಿಂದ ಕೆಳಕ್ಕೆ ಇಳಿಬಿಟ್ಟರೆ ಸಾಕು, ಉಳಿದದ್ದನ್ನು ಗುರುತ್ವ ನೋಡಿಕೊಳ್ಳುತ್ತದೆ. ನೆಲದ ಮೇಲೆ ಬೆಳೆದ ಪಡವಲ ಹಾವಿನ ಸುರುಳಿ. ಚಪ್ಪರದಿಂದ ತೂಗಿದ್ದು ನೆಟ್ಟಗೆ. ಎಳೆಗಾಯಿಯ ತುದಿಗೆ ಸಣ್ಣ ಕಲ್ಲು ಕಟ್ಟುವ ರೂಢಿ ಸುಮ್ಮನೆ ಬಂದದ್ದಲ್ಲ. ಎಳೆಯ ಅಂಗಾಂಶ ಬೆಳೆಯುತ್ತಿರುವಾಗಲೇ ಎಳೆತ ಸಿಕ್ಕರೆ ಅದು ನೇರವಾಗಿಯೇ ಬೆಳೆದು ಗಟ್ಟಿಯಾಗುತ್ತದೆ. ಬಲಿತ ಮೇಲೆ ಕಟ್ಟಿದ ಕಲ್ಲಿನಿಂದ ಪ್ರಯೋಜನವಿಲ್ಲ.

ಚಪ್ಪರ ಹಸಿರಾಗಿ ತುಂಬಿದೆ, ಕಾಯಿಯೇ ಇಲ್ಲ ಎಂಬ ದೂರು ಎಲ್ಲ ಊರಲ್ಲೂ ಕೇಳಿಬರುತ್ತದೆ. ಸೌತೆ ಕುಲದ ಈ ತರಕಾರಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಗಂಡು ಹೂಗಳೇ ಬರುತ್ತವೆ. ಬುಡದಲ್ಲಿ ಪುಟ್ಟ ಕಾಯಿ ಹೊತ್ತದ್ದು ಹೆಣ್ಣು. ದೀರ್ಘ ಹಗಲು, ಸೆಕೆ, ಅತಿಯಾದ ಸಾರಜನಕ ಇವು ಗಂಡು ಹೂವನ್ನೂ ಬರಿಯ ಎಲೆಯನ್ನೂ ಹೆಚ್ಚಿಸುತ್ತವೆ. ಸೋರೆ, ಹಾಗಲಗಳಲ್ಲಿ ಹೆಣ್ಣು ಹೂಗಳು ಮುಖ್ಯ ಬಳ್ಳಿಗಿಂತ ಕವಲುಗಳಲ್ಲಿ ಹೆಚ್ಚು. ತುದಿಕುಡಿ ಇರುವವರೆಗೂ ಅದರಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಕವಲುಗಳನ್ನು ತಡೆಹಿಡಿದಿರುತ್ತದೆ. ಹಾಗಾಗಿ ಬಳ್ಳಿ ಚಪ್ಪರ ಮುಟ್ಟುವವರೆಗೆ ಕವಲು ಚಿವುಟಿ ಒಂದೇ ಎಳೆ ಏರಿಸಿ. ಚಪ್ಪರದ ಮೇಲೆ ಒಂದಡಿ ಹರಿದ ಮೇಲೆ ತುದಿಕುಡಿ ಚಿವುಟಿ. ನಾಲ್ಕೈದು ಕವಲು ಹೊರಡುತ್ತವೆ, ಅವನ್ನು ನಾಲ್ಕೂ ದಿಕ್ಕಿಗೆ ಹಂಚಿ.

ಹೂವಿದ್ದೂ ಕಾಯಿ ಕಚ್ಚದಿದ್ದರೆ ಹೊತ್ತು ನೋಡಿ. ಹಾಗಲ ನಸುಕಿನಲ್ಲಿ ಅರಳುತ್ತದೆ, ಜೇನುಹುಳ ಬರುತ್ತದೆ. ತುಪ್ಪೀರೆಯದೂ ಬೆಳಗಿನ ಹೂವು. ಹೀರೆ ಹೂವು ಅರಳುವುದು ಇಳಿಹೊತ್ತಿನಲ್ಲಿ. ಸೋರೆ, ಪಡವಲಗಳ ಬಿಳಿಯ ಹೂ ರಾತ್ರಿಯ ಪತಂಗಗಳಿಗಾಗಿ. ಬೆಳಗ್ಗೆ ಎಂಟಕ್ಕೆ ಗಂಡು ಹೂ ಕಿತ್ತು ಹೀರೆಗೆ ಪರಾಗ ಮುಟ್ಟಿಸಲು ಹೊರಟರೆ ಹೊತ್ತು ಮೀರಿರುತ್ತದೆ. ಅದೇ ಕೆಲಸ ಸಂಜೆ ಹಾಲು ಕರೆಯುವ ಹೊತ್ತಿಗೆ ಮಾಡಿದರೆ ಫಲಿಸುತ್ತದೆ. ಅಂಗಳದ ಪ್ರಖರ ದೀಪವನ್ನು ಚಪ್ಪರದ ಕಡೆ ತಿರುಗಿಸಬೇಡಿ, ಪತಂಗಗಳು ಹೂ ಬಿಟ್ಟು ದೀಪಕ್ಕೆ ಹೋಗುತ್ತವೆ.

ಹಣ್ಣಿನ ಬಳ್ಳಿಗಳಲ್ಲಿ ಈ ಸೀಮೆಗೆ ಒಗ್ಗುವುದು ಪ್ಯಾಷನ್ ಫ್ರೂಟ್. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ನೇರಳೆ ಮತ್ತು ಹಳದಿ ಬಗೆಗಳನ್ನು ಕೂಡಿಸಿ ‘ಕಾವೇರಿ’ ಎಂಬ ಸಂಕರ ತಳಿ ಕೊಟ್ಟಿದೆ. ದ್ರಾಕ್ಷಿಗೆ ಇಲ್ಲಿನ ಮಳೆ ಒಗ್ಗದು. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳನ್ನು ನೋಡಲು ಚಿಕ್ಕಬಳ್ಳಾಪುರದ ಕಡೆಗೆ ಹೋಗಬೇಕು. ಹಳದಿ ಪ್ಯಾಷನ್ ಫ್ರೂಟ್ ತನ್ನದೇ ಪರಾಗ ಒಪ್ಪುವುದಿಲ್ಲ. ಅದರ ದೊಡ್ಡ ಹೂವಿನಲ್ಲಿ ಪರಾಗಕೋಶ, ಶಲಾಕೆಗಳು ಎತ್ತರದಲ್ಲಿರುವುದರಿಂದ ಸಣ್ಣ ಜೇನುಹುಳ ಬೆನ್ನಿಗೆ ತಗುಲಿಸಿಕೊಳ್ಳದೆ ಮಕರಂದ ಕುಡಿದು ಹೋಗುತ್ತದೆ. ಬೇಕಾದದ್ದು ಮರ ಕೊರೆಯುವ ದಪ್ಪ ಕರಿದುಂಬಿ. ಅದು ಗೂಡು ಮಾಡುವುದು ಒಣ ಮರದಲ್ಲಿ, ಬಿದಿರಿನ ಟೊಳ್ಳಿನಲ್ಲಿ. ಚಪ್ಪರದ ಹಳೆಯ ಗಳಕ್ಕೆ ದುಂಬಿ ತೂತು ಕೊರೆದಿದೆಯೆಂದು ಕೂಡಲೇ ಕಿತ್ತು ಒಲೆಗಿಡುವವರನ್ನು ಕಂಡರೆ ಬೇಸರವಾಗುತ್ತದೆ. ಹೊಸ ಗಳವನ್ನು ಪಕ್ಕದಲ್ಲಿ ಕಟ್ಟಿ, ಹಳೆಯದನ್ನು ಸೂರಿನಡಿ ತೂಗಿಬಿಡಿ. ಅದರೊಳಗಿನ ದುಂಬಿಯಿಂದಲೇ ಮುಂದಿನ ಹಣ್ಣು.

ಚಪ್ಪರದ ಕೆಳಗಿನ ನೆಲದಲ್ಲಿ ಶತ್ರುವಿನ ಮನೆಯೂ ಇದೆ. ಹಣ್ಣುನೊಣ ಎಳೆಗಾಯಿಯೊಳಗೆ ಮೊಟ್ಟೆಯಿಡುತ್ತದೆ, ಮರಿಹುಳ ತಿರುಳು ತಿಂದು ಕೆಳಗೆ ಬಿದ್ದು ಮಣ್ಣಿನಲ್ಲಿ ಕೋಶವಾಗುತ್ತದೆ. ಹೂವು ಬಾಡಿದೊಡನೆ ಹಾಗಲ, ಹೀರೆ ಹೀಚಿಗೆ ಕಾಗದದ ಚೀಲ ತೊಡಿಸುವುದು ಚಪ್ಪರದಲ್ಲಿ ಬಲು ಸುಲಭ. ನೆಲಬಳ್ಳಿಯಲ್ಲಿ ಅಸಾಧ್ಯವೇ ಸರಿ. ಕುಟುಕಿದ ಕಾಯಿಯನ್ನು ತಿಪ್ಪೆಗೆ ಎಸೆಯದೆ ಎರಡಡಿ ಆಳಕ್ಕೆ ಹೂಳಿ.

ಬೂದಿರೋಗ, ಎಲೆಚುಕ್ಕೆ ನೋಡಿದೊಡನೆ ಔಷಧಿ ಹುಡುಕುವ ಮುನ್ನ ಕೆಳಗಿನ ನೆರಳೆಲೆ, ಹಳದಿ ಎಲೆ ತೆಗೆದು ಗಾಳಿಗೆ ದಾರಿ ಮಾಡಿ. ಎಲೆಯ ಮೇಲೆ ನೀರು ನಿಂತಷ್ಟು ಹೊತ್ತು ತುಪ್ಪುಳು ರೋಗದ ರೋಗಾಣುವಿಗೆ ಅನುಕೂಲ. ನೆರಳಲ್ಲಿ ಮುಚ್ಚಿಹೋದ ಎಲೆ ದುಡಿದು ಹಾಕುವುದೂ ಅಷ್ಟಕ್ಕಷ್ಟೇ.

ಈಚೆಗೆ ಅಂಗಡಿಯ ನೈಲಾನ್ ಬಲೆ ಎಲ್ಲ ಕಡೆ ಬಂದಿದೆ. ಅಗ್ಗ, ಬೇಗ ಕಟ್ಟಬಹುದು, ನಿಜ. ಆದರೆ ಬಲಿತ ತಂತು ಕಟ್ಟಿಗೆಯಷ್ಟು ಗಟ್ಟಿಯಾಗಿ ಬಲೆಯ ಎಳೆಗೆ ಹೆಣೆದುಕೊಂಡಿರುತ್ತದೆ. ಬಿಡಿಸಲಾಗದೆ ಬಳ್ಳಿಯ ಸಮೇತ ಬಲೆಯನ್ನೇ ಸುಡುತ್ತಾರೆ, ಇಲ್ಲವೇ ಬೇಲಿಗೆ ಎಸೆಯುತ್ತಾರೆ. ಇಲಿ ಹುಡುಕಿಕೊಂಡು ಬಂದ ಕೇರೆಹಾವು ಅದರಲ್ಲಿ ಸಿಕ್ಕಿ ಹುರುಪೆ ಕಿತ್ತು ಸಾಯುತ್ತದೆ. ಭದ್ರಾ ಅಭಯಾರಣ್ಯ ಪಕ್ಕದಲ್ಲೇ ಇರುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ನಾರಿನ ಹುರಿಗೆ ಈ ಯಾವ ದೋಷವೂ ಇಲ್ಲ. ಬೆಳೆ ಮುಗಿದಾಗ ಬಳ್ಳಿಯ ಬುಡ ಕೊಯ್ದು ವಾರ ಒಣಗಲು ಬಿಟ್ಟು, ಹುರಿ ಸಮೇತ ಸುತ್ತಿ ಗೊಬ್ಬರದ ಗುಂಡಿಗೆ ಹಾಕಬಹುದು. ಕಂಬ, ಗಳ, ದಬ್ಬೆ ಇದ್ದಲ್ಲೇ ಇರಲಿ. ಆದರೆ ಹೀರೆ ಮುಗಿದ ಚಪ್ಪರಕ್ಕೆ ಮತ್ತೆ ಹಾಗಲವನ್ನೋ ಸೋರೆಯನ್ನೋ ಹಾಕಬೇಡಿ. ಹಣ್ಣುನೊಣ ಇದೇ ಕುಲವನ್ನು ಕಾಯುತ್ತಿರುತ್ತದೆ. ಕೆಳಗಿನ ನೆಲವನ್ನು ಅಗೆದು ಕೋಶಗಳನ್ನು ಬಿಸಿಲಿಗೂ ಕೋಳಿಗಳಿಗೂ ಒಡ್ಡಿ, ಹೊಸ ಹುರಿಯನ್ನು ಈ ಸಲ ನೆಟ್ಟಗೆ ಇಳಿಬಿಟ್ಟು, ಹಿಂಗಾರಿಗೆ ಚಪ್ಪರದವರೆ ಊರಿ.